ಮಳೆಗಾಲದ ಮನೆಯಲ್ಲಿ ಕ್ಯಾಮೆರಾದ ಜೋಪಾನ

(ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರಿಗಾಗಿ ನಮ್ಮ ಬಳಗವು ಏರ್ಪಡಿಸಿದ್ದ ಪರಿಸರ ದಾಖಲಾತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಬೆಳಗಿನಿಂದ ಕಪ್ಪೆಗಳ ಕುರಿತು, ಕಾನಿನ ಮರಗಳ ಕುರಿತು, ಬತ್ತುತ್ತಿರುವ ಒರತೆಗಳ ಕುರಿತು ಬಲ್ಲವರ ಮಾತು ಕೇಳಿದ್ದೀರಿ. ಅವುಗಳ ಮುಂದೆ ನನ್ನ ಪಾಲಿಗೆ ಬಂದಿರುವ ವಿಷಯ ಬಹಳ ಸಣ್ಣದು. ಕ್ಯಾಮೆರಾವನ್ನು ಮನೆಯಲ್ಲಿ ಹೇಗೆ ಒರೆಸಬೇಕು, ಎಲ್ಲಿ ಇಡಬೇಕು, ಮಳೆಗಾಲದಲ್ಲಿ ಅದನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದಷ್ಟೇ ನನ್ನ ಮಾತು. ಇಂತಹ ಶಿಬಿರದಲ್ಲಿ ಈ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆದ್ದರಿಂದ ನನ್ನದೇ ಒಂದು ತಪ್ಪಿನ ಕಥೆಯಿಂದ ಆರಂಭಿಸುತ್ತೇನೆ.

ಬಳಗಕ್ಕೆಂದು ಎಲ್ಲರೂ ಹಣ ಕೂಡಿಸಿ ಒಂದು ಡಿಜಿಟಲ್ ಕ್ಯಾಮೆರಾ ಕೊಂಡ ಕಾಲ. ಅದನ್ನು ಇಟ್ಟುಕೊಳ್ಳುವ ಹೊಣೆ ನನ್ನ ಮೇಲೆ ಬಿತ್ತು. ಮಳೆ ಹಿಡಿಯುತ್ತಲೇ ನಾನು ಅದರ ಬ್ಯಾಟರಿಯನ್ನು ತೆಗೆದಿಟ್ಟು, ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಹಾಕಿ, ಚೀಲವನ್ನು ರೇಷ್ಮೆ ಸೀರೆಗಳ ನಡುವೆ ಮರದ ಕಪಾಟಿನಲ್ಲಿಟ್ಟು, ಹುಳ ಬಾರದಿರಲೆಂದು ನಾಲ್ಕು ನುಸಿಗುಳಿಗೆಗಳನ್ನೂ ಹಾಕಿದೆ. ಬೀಗ ಹಾಕಿ ಕೀಲಿಕೈಯನ್ನು ದೇವರ ಗೂಡಿನಲ್ಲಿರಿಸಿದೆ. ನಾಲ್ಕು ತಿಂಗಳು ಯಾರ ಕೈಗೂ ಕೊಡಲಿಲ್ಲ. ಅದಕ್ಕಿಂತ ಹೆಚ್ಚಿನ ಜೋಪಾನ ಸಾಧ್ಯವಿಲ್ಲವೆಂದೇ ನಂಬಿದ್ದೆ.

ದೀಪಾವಳಿಯ ನಂತರ ನಮ್ಮ ಊರಿನ ಹಳ್ಳದ ತಲೆಯಲ್ಲಿ ಗುಡ್ಡ ಅಗೆಯುವ ಕೆಲಸ ಆರಂಭವಾಯಿತು. ಮಣ್ಣು ಜರಿದು ಕೆರೆಗೆ ಬರುತ್ತಿತ್ತು. ನಾನು ಕ್ಯಾಮೆರಾ ತೆಗೆದು ಒಂದು ದಿನವಿಡೀ ಚಿತ್ರ ತೆಗೆದೆ. ಚಿತ್ರಗಳೊಂದಿಗೆ ಮನವಿಯನ್ನು ಸಂಬಂಧಪಟ್ಟ ಕಚೇರಿಯೊಂದಕ್ಕೆ ಒಯ್ದೆವು. ಅಲ್ಲಿ ಕುಳಿತಿದ್ದವರು ಚಿತ್ರಗಳನ್ನು ಒಂದೊಂದಾಗಿ ನೋಡಿ ಎರಡು ಪ್ರಶ್ನೆ ಕೇಳಿದರು. ಎಲ್ಲ ಚಿತ್ರಗಳೂ ಮಂಜು ಮುಸುಕಿದಂತೆ ಕಾಣುತ್ತಿವೆಯಲ್ಲ, ಇದರಲ್ಲಿ ಹಳ್ಳ ಯಾವುದು, ಮಣ್ಣು ಯಾವುದು? ಮೂಲೆಯಲ್ಲಿ ಅಚ್ಚಾಗಿರುವ ದಿನಾಂಕದಂದು ಈ ಗುಡ್ಡಕ್ಕೆ ಹೋಗುವ ರಸ್ತೆಯೇ ಇರಲಿಲ್ಲವಲ್ಲ, ಇದು ಯಾವ ಊರಿನ ಚಿತ್ರ? ಎರಡಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ. ಮನವಿ ಅಲ್ಲಿಯೇ ಉಳಿಯಿತು. ಮರುವರ್ಷದ ಮಳೆಗೆ ಕೆರೆಯ ಅರ್ಧ ಹೂಳು ತುಂಬಿತು.

ಚಿತ್ರಗಳು ಮಸುಕಾಗಲು ಕಾರಣ ಮಸೂರದೊಳಗೆ ಬೆಳೆದ ಬೂಷ್ಟು. ದಿನಾಂಕ ತಪ್ಪಲು ಕಾರಣ ಬ್ಯಾಟರಿ ಇಲ್ಲದೆ ನಿಂತುಹೋದ ಕ್ಯಾಮೆರಾದ ಗಡಿಯಾರ. ಎರಡೂ ನನ್ನ ಜೋಪಾನದಿಂದಲೇ ಆದ ಕೇಡು. ಆ ಕೇಡು ನಿಮ್ಮ ಊರುಗಳಲ್ಲಿ ಮರುಕಳಿಸಬಾರದೆಂಬುದೇ ಇಂದಿನ ಮಾತಿನ ಉದ್ದೇಶ.

ಬೂಷ್ಟು ಏಕೆ ಬರುತ್ತದೆ

ನಮ್ಮ ಸೀಮೆಯ ಮಳೆಯ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆರಿದ್ರಾ ಮಳೆಯಿಂದ ಮಘ ಮಳೆಯವರೆಗೆ ಚಪ್ಪಲಿ, ಪುಸ್ತಕದ ರಟ್ಟು, ಗೋಡೆಯ ಪಟ ಎಲ್ಲಕ್ಕೂ ಬೂಷ್ಟು ಹಿಡಿಯುವುದನ್ನು ನಾವು ಸಹಜವೆಂದೇ ಒಪ್ಪಿಕೊಂಡಿದ್ದೇವೆ. ಆದರೆ ಗಾಜಿನ ಮೇಲೆ ಬೂಷ್ಟು ಏನನ್ನು ತಿಂದು ಬೆಳೆಯುತ್ತದೆ ಎಂಬ ಪ್ರಶ್ನೆ ಬರುತ್ತದೆ. ಶಿಲೀಂಧ್ರದ ಬೀಜಾಣುಗಳು ಗಾಳಿಯಲ್ಲಿ ಎಲ್ಲೆಡೆಯೂ ಇವೆ. ಹೊಚ್ಚ ಹೊಸ ಕ್ಯಾಮೆರಾದೊಳಗೂ ಇರುತ್ತವೆ. ಬೆರಳಿನ ಜಿಡ್ಡು, ಧೂಳಿನಲ್ಲಿರುವ ಸಾವಯವ ಕಣ, ಇಷ್ಟು ಸಿಕ್ಕರೆ ಅವಕ್ಕೆ ಸಾಕು. ಉಳಿದಂತೆ ಬೇಕಾದುದು ತೇವ, ಕತ್ತಲೆ ಮತ್ತು ಅಲುಗಾಡದ ಗಾಳಿ. ನನ್ನ ಕಪಾಟಿನಲ್ಲಿ ಈ ಮೂರೂ ಧಾರಾಳವಾಗಿದ್ದವು.

ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 60ನ್ನು ಮೀರಿ ಬಹಳ ದಿನ ನಿಂತರೆ ಬೂಷ್ಟಿನ ಭಯ ಆರಂಭವಾಗುತ್ತದೆ. ನಮ್ಮ ಮನೆಗಳಲ್ಲಿ ಆಷಾಢದಲ್ಲಿ ಅದು 90ರ ಆಸುಪಾಸಿನಲ್ಲೇ ಇರುವುದುಂಟು. ಬೆಳೆದ ಶಿಲೀಂಧ್ರವು ಆಮ್ಲವನ್ನು ಸ್ರವಿಸುತ್ತದೆ. ಆ ಆಮ್ಲ ಮಸೂರದ ಮೇಲಿನ ತೆಳುವಾದ ಲೇಪವನ್ನೂ, ಕಡೆಗೆ ಗಾಜನ್ನೂ ಕೊರೆಯುತ್ತದೆ. ಬೂಷ್ಟನ್ನು ಒರೆಸಿ ತೆಗೆದರೂ ಅದರ ಹೆಜ್ಜೆಗುರುತು ಉಳಿಯುವುದು ಇದರಿಂದಲೇ. 2001ರಲ್ಲಿ ಮಧ್ಯ ಅಮೆರಿಕದ ಬೆಲೀಜ್ ದೇಶದಿಂದ ತಂದ ಅಡಕಮುದ್ರಿಕೆಯೊಂದನ್ನು ಶಿಲೀಂಧ್ರವು ತಿಂದಿದ್ದನ್ನು ಸ್ಪೇನಿನ ವಿಜ್ಞಾನಿಗಳು ವರದಿ ಮಾಡಿದ್ದರು. ಅಲ್ಲಿಯದೂ ನಮ್ಮಂತೆಯೇ ಬಿಸಿಯೂ ತೇವವೂ ಕೂಡಿದ ಹವೆ.

ಬೂಷ್ಟು ಬಂದಿದೆಯೇ ಎಂದು ನೋಡುವ ಬಗೆ ಸುಲಭ. ಬಿಚ್ಚಲು ಬರುವ ಮಸೂರವಾದರೆ ಬಿಚ್ಚಿ, ಕತ್ತಲೆಯ ಕೋಣೆಯಲ್ಲಿ ಹಿಂಬದಿಯಿಂದ ಓರೆಯಾಗಿ ಟಾರ್ಚಿನ ಬೆಳಕು ಬಿಟ್ಟು ಮುಂಬದಿಯಿಂದ ನೋಡಿ. ಜೇಡರ ಬಲೆಯ ಎಳೆಗಳಂತೆ, ಕವಲೊಡೆದ ಬೇರಿನಂತೆ ಕಂಡರೆ ಅದು ಬೂಷ್ಟು. ಒಂದೆರಡು ಧೂಳಿನ ಕಣಗಳು ಕಂಡರೆ ಹೆದರಬೇಕಾಗಿಲ್ಲ. ಅವು ಚಿತ್ರದಲ್ಲಿ ಕಾಣುವುದಿಲ್ಲ. ಹೊರಗಿನ ಗಾಜಿನ ಮೇಲೆ ಬೂಷ್ಟು ಈಗಷ್ಟೇ ಮೂಡಿದ್ದರೆ ಮಸೂರಕ್ಕೆಂದೇ ಮಾರುವ ದ್ರಾವಣದಿಂದ ಒರೆಸಬಹುದು. ಒಳಗಿದ್ದರೆ ದಯವಿಟ್ಟು ಮನೆಯಲ್ಲಿ ಬಿಚ್ಚಬೇಡಿ. ಒಳಗಿನ ಗಾಜುಗಳನ್ನು ಕೂದಲೆಳೆಯಷ್ಟು ಅತ್ತಿತ್ತ ಕೂಡಿಸಿದರೂ ಮುಂದೆ ಚಿತ್ರವೆಂದಿಗೂ ಸ್ಪಷ್ಟವಾಗದು. ಅದು ಬಲ್ಲ ದುರಸ್ತಿಗಾರರ ಕೆಲಸ.

ಒಣ ಪೆಟ್ಟಿಗೆ

ಆ ಘಟನೆಯ ನಂತರ ನನ್ನ ತಾಯಿ ಒಂದು ಮಾತು ಹೇಳಿದರು: "ಅಪ್ಪೆಮಿಡಿ ಭರಣಿಗೆ ನಾವು ಹಾಕುವಷ್ಟು ನಿಗಾ ಆ ಕ್ಯಾಮೆರಾಕ್ಕೆ ನೀನು ಹಾಕಿದ್ದರೆ ಸಾಕಿತ್ತು ಮಾರಾಯ." ಯೋಚಿಸಿದರೆ ಶಾಸ್ತ್ರವೆಲ್ಲ ಅದರಲ್ಲೇ ಇದೆ. ಭರಣಿಯ ಬಾಯಿ ಬಿಗಿಯಾಗಿರಬೇಕು, ಒದ್ದೆ ಸೌಟು ಹಾಕಬಾರದು, ಮತ್ತೆ ಮತ್ತೆ ತೆರೆಯಬಾರದು, ಆಗಾಗ ನೋಡದೆಯೂ ಇರಬಾರದು.

ಮುಚ್ಚಳದಲ್ಲಿ ರಬ್ಬರಿನ ಪಟ್ಟಿ ಇರುವ, ಗಾಳಿಯಾಡದ ಹತ್ತು ಲೀಟರಿನ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೊಳ್ಳಿ. ಅದರ ತಳದಲ್ಲಿ ಸುಮಾರು ನೂರು ಗ್ರಾಂ ಸಿಲಿಕಾ ಜೆಲ್ ಹರಳುಗಳನ್ನು ತೆಳುಬಟ್ಟೆಯ ಚೀಲದಲ್ಲಿ ಕಟ್ಟಿಡಿ. ಜೊತೆಗೆ ಆರ್ದ್ರತೆಯನ್ನು ತೋರಿಸುವ ಪುಟ್ಟ ಮಾಪಕವೊಂದನ್ನು ಇಟ್ಟರೆ ಊಹೆಯ ಕಾಟವಿರದು. ಮಾಪಕವು 40ರಿಂದ 50ರೊಳಗೆ ತೋರುತ್ತಿರಲಿ. 30ಕ್ಕಿಂತ ಕೆಳಗಿಳಿದು ಬಹುಕಾಲ ನಿಲ್ಲುವುದೂ ಒಳ್ಳೆಯದಲ್ಲ; ಒಳಗಿನ ಜಿಡ್ಡು, ರಬ್ಬರು ಒಣಗಬಹುದು.

ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಿನೋಡಿ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರ್ ಗಾಳಿ ಹಿಡಿಯಬಲ್ಲ ಗರಿಷ್ಠ ನೀರಾವಿ ಸುಮಾರು 23 ಗ್ರಾಂ. ಹತ್ತು ಲೀಟರ್ ಎಂದರೆ ಅದರ ನೂರರಲ್ಲಿ ಒಂದು ಭಾಗ. ಅಂದಮೇಲೆ ಡಬ್ಬಿಯೊಳಗಿನ ಗಾಳಿಯಲ್ಲಿ ಕಾಲು ಗ್ರಾಂ ನೀರೂ ಇಲ್ಲ. ನೂರು ಗ್ರಾಂ ಹರಳು ಅದನ್ನು ಕ್ಷಣದಲ್ಲಿ ಹೀರೀತು. ಹಾಗಿದ್ದೂ ಹರಳುಗಳು ವಾರದಲ್ಲೇ ಸೋಲುವುದೇಕೆ? ಏಕೆಂದರೆ ನಾವು ಕ್ಯಾಮೆರಾದೊಂದಿಗೆ ಅದರ ಬಟ್ಟೆಯ ಚೀಲವನ್ನೂ, ಬೆವರು ಹೀರಿದ ಪಟ್ಟಿಯನ್ನೂ, ಒದ್ದೆ ಕರವಸ್ತ್ರವನ್ನೂ ಒಳಗಿಡುತ್ತೇವೆ. ನೀರು ಇರುವುದು ಅವುಗಳಲ್ಲಿ. ಆದ್ದರಿಂದ ಚೀಲ ಹೊರಗಿರಲಿ. ಅದರಲ್ಲೂ ಚರ್ಮದ ಚೀಲವು ತೇವವನ್ನೂ ಬೂಷ್ಟನ್ನೂ ತಾನೇ ಸಾಕಿಕೊಂಡಿರುತ್ತದೆ.

ಸಿಲಿಕಾ ಜೆಲ್ಲಿನಲ್ಲಿ ನೀಲಿಯಿಂದ ಗುಲಾಬಿಗೆ ತಿರುಗುವುದು ಒಂದು ಬಗೆ, ಕಿತ್ತಳೆಯಿಂದ ಹಸಿರಿಗೆ ತಿರುಗುವುದು ಇನ್ನೊಂದು. ನೀಲಿಯ ಬಗೆಯಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ಲವಣವಿದೆ. ಮಕ್ಕಳಿರುವ ಮನೆಗೆ ಕಿತ್ತಳೆಯದೇ ಲೇಸು. ಬಣ್ಣ ತಿರುಗಿದಾಗ ಹರಳನ್ನು ಎಸೆಯಬೇಕಾಗಿಲ್ಲ. ಹಳೆಯ ಬಾಣಲೆಯಲ್ಲಿ ಹಾಕಿ, ಸಣ್ಣ ಉರಿಯಲ್ಲಿ ಮೊದಲಿನ ಬಣ್ಣ ಬರುವ ತನಕ ಕೈಯಾಡಿಸಿದರೆ ಮತ್ತೆ ಬಳಸಬಹುದು. ಆ ಬಾಣಲೆಯನ್ನು ಅಡುಗೆಗೆ ಬಳಸಬಾರದು. ಹರಳು ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಬೇಕು.

ಹರಳು ಸಿಗದಿದ್ದರೆ ಅಕ್ಕಿಯಲ್ಲಿ ಹೂತಿಡಬಹುದೇ ಎಂದು ಬಹಳ ಜನ ಕೇಳುತ್ತಾರೆ. ಉಪ್ಪಿನ ಭರಣಿಯಲ್ಲಿ ಹುರಿದ ಅಕ್ಕಿ ಹಾಕಿಡುವ ರೂಢಿ ನಮ್ಮಲ್ಲಿದೆ ನಿಜ. ಆದರೆ ಅಕ್ಕಿ ತೇವ ಹೀರುವುದು ಅಲ್ಪ. ಅದರ ಹಿಟ್ಟಿನ ಧೂಳು ಸಂದುಗಳಿಗೆ ಸೇರಿ ಬೂಷ್ಟಿಗೆ ಊಟವಾಗುತ್ತದೆ. ನುಸಿಗುಳಿಗೆ, ಕರ್ಪೂರಗಳೂ ಬೇಡ. ಅವುಗಳ ಆವಿಯಿಂದ ಮಸೂರಕ್ಕೂ ಪ್ಲಾಸ್ಟಿಕ್ಕಿಗೂ ಹಾನಿಯೆಂದು ತಯಾರಕರೇ ಎಚ್ಚರಿಸುತ್ತಾರೆ. ಬಚ್ಚಲೊಲೆಯ ಮೇಲಿನ ಬೆಚ್ಚಗಿನ ಅಟ್ಟ ಬಟ್ಟೆಗೂ ಅಡಿಕೆಗೂ ಸರಿ. ಕ್ಯಾಮೆರಾಕ್ಕೆ ಅಲ್ಲಿನ ಹೊಗೆಯ ಮಸಿ ಶತ್ರು. ಹಿಂದೆ ಕೆಲವರು ಮರದ ಕಪಾಟಿನಲ್ಲಿ ಸಣ್ಣ ಬಲ್ಬು ಉರಿಸಿಟ್ಟು ಒಳಗನ್ನು ಬೆಚ್ಚಗಿಡುತ್ತಿದ್ದರು. ಹಳೆಯ ತಂತಿಯ ಬಲ್ಬಿನ ಶಾಖದಿಂದ ಅದು ಫಲಿಸುತ್ತಿತ್ತು. ಇಂದಿನ ಎಲ್‌ಇಡಿ ಬಲ್ಬಿನಲ್ಲಿ ಅಷ್ಟು ಶಾಖವಿಲ್ಲ. ಹಳೆಯ ಉಪಾಯವನ್ನು ಕೇಳಿಕೊಂಡು ಹೊಸ ಬಲ್ಬು ಹಾಕಿ ಮೋಸಹೋದವರಿದ್ದಾರೆ.

ಇಷ್ಟಾಗಿಯೂ ಎಲ್ಲಕ್ಕಿಂತ ದೊಡ್ಡ ಔಷಧ ಬಳಕೆ. ವಾರಕ್ಕೊಮ್ಮೆ ಹೊಳವಾದ ದಿನ ನೋಡಿ ಕ್ಯಾಮೆರಾವನ್ನು ಹೊರತೆಗೆದು, ನಾಲ್ಕು ಚಿತ್ರ ತೆಗೆದು, ಮಸೂರದ ಬಳೆಗಳನ್ನು ಅತ್ತಿತ್ತ ತಿರುಗಿಸಿ, ಬೆಳಕು ಗಾಳಿ ಕಾಣಿಸಿ ಒಳಗಿಡಿ. ಆದರೆ ಮಸೂರವನ್ನು ನೇರವಾಗಿ ಸೂರ್ಯನಿಗೆ ಒಡ್ಡಿ ಇಡಬೇಡಿ. ಬೂದುಗಾಜಿನಿಂದ ಕಾಗದ ಸುಟ್ಟ ಮಕ್ಕಳಿಗೆ ಅದರ ಕಾರಣ ಗೊತ್ತಿದೆ.

ಮಸೂರವನ್ನು ಒರೆಸುವ ಕ್ರಮ

ಪಂಚೆಯ ಚುಂಗು, ಸೀರೆಯ ಸೆರಗು, ಅಂಗಿಯ ತುದಿ, ಇವು ಮೂರೂ ನಮ್ಮ ಕೈಗೆ ಮೊದಲು ಸಿಗುವ ಒರೆಸುವ ಬಟ್ಟೆಗಳು. ಇವುಗಳಲ್ಲಿ ಮಣ್ಣಿನ ಕಣವಿರುತ್ತದೆ. ಮಣ್ಣಿನಲ್ಲಿ ಬೆಣಚುಕಲ್ಲಿನ ಪುಡಿಯಿರುತ್ತದೆ. ಬೆಣಚುಕಲ್ಲು ಗಾಜಿಗಿಂತ ಗಟ್ಟಿ. ಧೂಳು ಕೂತ ಮಸೂರವನ್ನು ಒಣ ಬಟ್ಟೆಯಿಂದ ಉಜ್ಜುವುದೆಂದರೆ ಅದನ್ನು ಮರಳಿನಿಂದ ತಿಕ್ಕಿದಂತೆಯೇ.

ಆದ್ದರಿಂದ ಮೊದಲು ಊದಬೇಕು, ಆಮೇಲೆ ಗುಡಿಸಬೇಕು, ಕಡೆಗೆ ಒರೆಸಬೇಕು. ಊದಲು ರಬ್ಬರಿನ ಬುರುಡೆಯಿರುವ ಊದುಗವೇ ಬೇಕು; ಬಾಯಿಂದ ಊದಿದರೆ ಎಂಜಲಿನ ಹನಿ ಬೀಳುತ್ತದೆ. ಮಸೂರವನ್ನು ಕೆಳಮುಖವಾಗಿ ಹಿಡಿದು ಊದಿದರೆ ಧೂಳು ನೆಲಕ್ಕೆ ಬೀಳುತ್ತದೆ. ಉಳಿದುದನ್ನು ಮೃದುವಾದ ಕುಂಚದಿಂದ ಗುಡಿಸಿ. ಕುಂಚದ ಕೂದಲನ್ನು ಬೆರಳಿನಿಂದ ಮುಟ್ಟಬೇಡಿ. ಇಷ್ಟಕ್ಕೇ ಹೆಚ್ಚಿನ ಸಲ ಕೆಲಸ ಮುಗಿಯುತ್ತದೆ. ಬೆರಳಚ್ಚೋ ಮಳೆಹನಿಯ ಕಲೆಯೋ ಉಳಿದಿದ್ದರೆ ಮಾತ್ರ ಮಸೂರದ ದ್ರಾವಣದ ಒಂದೆರಡು ಹನಿಯನ್ನು ನುಣುಪಾದ ಮೈಕ್ರೋಫೈಬರ್ ಬಟ್ಟೆಗೆ ಹಾಕಿ, ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತ ಹಗುರವಾಗಿ ಒರೆಸಿ. ದ್ರಾವಣವನ್ನು ಗಾಜಿನ ಮೇಲೆಯೇ ಸುರಿಯಬಾರದು. ಅಂಚಿನಿಂದ ಒಳಕ್ಕೆ ಇಳಿಯುತ್ತದೆ. ಕಿಟಕಿಯ ಗಾಜು ತೊಳೆಯುವ ದ್ರವ ಬೇಡವೇ ಬೇಡ. ಮೈಕ್ರೋಫೈಬರ್ ಬಟ್ಟೆಯನ್ನು ಆಗಾಗ ಸಾಬೂನಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ.

ಕಾಡಿಗೆ ಹೋಗುವ ವಿದ್ಯಾರ್ಥಿಗಳಿಗೆ ಮತ್ತೊಂದು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಅದಕ್ಕಾಗಿ ಮೈಗೆ ತೈಲ ಹಚ್ಚಿಕೊಳ್ಳುವುದನ್ನು ಎಂದಿಗೂ ಬಿಡಬೇಡಿ. ಆದರೆ ಕೀಟಗಳನ್ನು ದೂರವಿಡುವ ಇಂತಹ ತೈಲಗಳಲ್ಲಿ ಕೆಲವು ಪ್ಲಾಸ್ಟಿಕ್ಕನ್ನು ಕರಗಿಸುತ್ತವೆ. ತೈಲ ಹಚ್ಚಿದ ಮೇಲೆ ಅಂಗೈಯನ್ನು ತೊಳೆದೇ ಕ್ಯಾಮೆರಾ ಹಿಡಿಯಿರಿ.

ಸಂವೇದಕದ ಧೂಳು

ಮಸೂರ ಬದಲಿಸುವ ಕ್ಯಾಮೆರಾಗಳಲ್ಲಿ ಸೆನ್ಸರ್ ಎಂದು ಕರೆಯುವ ಸಂವೇದಕದ ಮೇಲೂ ಧೂಳು ಕೂರುತ್ತದೆ. ಎಲ್ಲ ಚಿತ್ರಗಳಲ್ಲೂ ಒಂದೇ ಜಾಗದಲ್ಲಿ ಬೂದು ಚುಕ್ಕೆ ಕಾಣುತ್ತಿದ್ದರೆ ಅದೇ ಕಾರಣ. ಪರೀಕ್ಷಿಸಲು ಬೆಳಕಿನ ಕಿಂಡಿಯನ್ನು ಎಫ್ 16ಕ್ಕೆ ಕಿರಿದುಗೊಳಿಸಿ ಬರಿಯ ಆಕಾಶದ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಕಿಂಡಿ ಕಿರಿದಾದಾಗ ನೆರಳು ಏಕೆ ಸ್ಪಷ್ಟ? ಮೋಡದ ದಿನ ಎಲೆಯ ನೆರಳು ಕಾಣುವುದಿಲ್ಲ, ಬಿಸಿಲಿನಲ್ಲಿ ಗೆರೆ ಕೊರೆದಂತೆ ಕಾಣುತ್ತದೆ. ಇಲ್ಲಿಯೂ ಹಾಗೆಯೇ, ಬೆಳಕು ಕಿರಿದಾದ ಜಾಗದಿಂದ ಬಂದಷ್ಟೂ ನೆರಳು ಖಚಿತ. ಸಂವೇದಕದ ಮೇಲೆ ಬಿಂಬವು ತಲೆಕೆಳಗಾಗಿ ಬೀಳುವುದರಿಂದ ಚಿತ್ರದ ಮೇಲ್ಭಾಗದ ಚುಕ್ಕೆಗೆ ಕಾರಣವಾದ ಧೂಳು ಸಂವೇದಕದ ಕೆಳಭಾಗದಲ್ಲಿರುತ್ತದೆ.

2003ರಲ್ಲಿ ಬಂದ ಒಲಿಂಪಸ್ ಇ-1 ಕ್ಯಾಮೆರಾದಲ್ಲಿ ಧೂಳನ್ನು ಕಂಪನದಿಂದ ಉದುರಿಸುವ ವ್ಯವಸ್ಥೆ ಮೊದಲು ಬಂತು. ಈಗ ಹಲವು ಕ್ಯಾಮೆರಾಗಳಲ್ಲಿ ಅದಿದೆ. ಮೊದಲು ಅದನ್ನೇ ಬಳಸಿ. ಹೋಗದಿದ್ದರೆ, ಕನ್ನಡಿಯಿರುವ ಕ್ಯಾಮೆರಾವಾದರೆ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು, ಸ್ವಚ್ಛಗೊಳಿಸುವ ಆಯ್ಕೆಯಿಂದ ಕನ್ನಡಿಯನ್ನು ಮೇಲೆತ್ತಿ ನಿಲ್ಲಿಸಿ, ಬಾಯಿ ಕೆಳಗಾಗಿ ಹಿಡಿದು ಊದುಗದಿಂದ ಊದಿ. ಊದುಗದ ತುದಿ ಒಳಗೆ ತಾಗಬಾರದು. ಡಬ್ಬಿಯಲ್ಲಿ ಒತ್ತಿ ತುಂಬಿದ ಗಾಳಿಯನ್ನು ಬಳಸಬಾರದು. ಅದರ ದ್ರವ ಸಿಡಿದು ಕಲೆಯಾಗುತ್ತದೆ. ಕನ್ನಡಿಯನ್ನಂತೂ ಮುಟ್ಟಲೇಬೇಡಿ, ಅದರ ಲೇಪ ಗಾಜಿನ ಮುಂಬದಿಯಲ್ಲೇ ಇದೆ. ಇದಕ್ಕೂ ಹೋಗದ ಧೂಳನ್ನು ತೆಗೆಯಲು ಸಂವೇದಕದ ಅಳತೆಯ ಒದ್ದೆ ಪಟ್ಟಿಗಳು ದೊರೆಯುತ್ತವೆ. ಬಲ್ಲವರು ಮಾಡುವುದನ್ನು ಒಮ್ಮೆ ಕಣ್ಣಾರೆ ಕಾಣದೆ ಅದಕ್ಕೆ ಕೈಹಾಕಬೇಡಿ.

ನೆನೆದಾಗ, ಬೆವೆತಾಗ

ಮಳೆಯಲ್ಲಿ ಕ್ಯಾಮೆರಾ ನೆನೆದರೆ ಕೂಡಲೇ ಆರಿಸಿ, ಬ್ಯಾಟರಿಯನ್ನೂ ನೆನಪಿನ ಕಾರ್ಡನ್ನೂ ತೆಗೆಯಿರಿ. ಕೆಲಸ ಮಾಡುತ್ತಿದೆಯೇ ಎಂದು ನೋಡಲು ಮತ್ತೆ ಒತ್ತುವ ಚಪಲವೇ ಹಲವು ಕ್ಯಾಮೆರಾಗಳನ್ನು ಕೊಂದಿದೆ. ಒಣ ಹತ್ತಿಬಟ್ಟೆಯಿಂದ ನೀರನ್ನು ಒತ್ತಿ ತೆಗೆದು, ಮುಚ್ಚಳಗಳನ್ನು ತೆರೆದು, ಒಣ ಪೆಟ್ಟಿಗೆಯಲ್ಲಿ ಎರಡು ಮೂರು ದಿನ ಇಡಿ. ಒಲೆಯ ಬಳಿ ಇಡಬೇಡಿ. ಕಡಲಿನ ಉಪ್ಪುನೀರು ಬಿದ್ದಿದ್ದರೆ ಕಾಯದೆ ದುರಸ್ತಿಗೆ ಒಯ್ಯಿರಿ.

ತಂಪು ಮಾಡಿದ ವಾಹನದಿಂದ ಘಟ್ಟದ ಕೆಳಗಿನ ಸೆಕೆಗೆ ಇಳಿದಾಗ ತಣ್ಣನೆಯ ಚೊಂಬಿನ ಹೊರಮೈಯಂತೆ ಕ್ಯಾಮೆರಾ ಬೆವರುತ್ತದೆ. ಇಳಿಯುವ ಮೊದಲೇ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಹೊರಗಿನ ಬಿಸಿಗೆ ಹೊಂದಿದ ಮೇಲೆ ಬಿಚ್ಚಿದರೆ ಬೆವರು ಚೀಲಕ್ಕೆ, ಕ್ಯಾಮೆರಾಕ್ಕಲ್ಲ.

ಬ್ಯಾಟರಿ, ಗಡಿಯಾರ, ಕಾರ್ಡು

ಲಿಥಿಯಂ ಬ್ಯಾಟರಿಯನ್ನು ಬಹುಕಾಲ ಬಳಸದಿದ್ದರೆ ಅರ್ಧದಷ್ಟು ತುಂಬಿಸಿ ತಂಪಾದ ಒಣ ಜಾಗದಲ್ಲಿಡಿ. ಉಬ್ಬಿದ ಬ್ಯಾಟರಿಯನ್ನು ಚುಚ್ಚಬೇಡಿ, ಮತ್ತೆ ತುಂಬಿಸಬೇಡಿ, ತೋಟಕ್ಕೆ ಎಸೆಯಬೇಡಿ. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ. ಕ್ಯಾಮೆರಾದೊಳಗಿನ ಗಡಿಯಾರಕ್ಕೆ ಬಹುಮಟ್ಟಿಗೆ ಬೇರೆಯೇ ಒಂದು ಪುಟ್ಟ ಕೋಶವಿರುತ್ತದೆ. ಹಲವು ಮಾದರಿಗಳಲ್ಲಿ ಅದು ದೊಡ್ಡ ಬ್ಯಾಟರಿಯಿಂದಲೇ ಶಕ್ತಿ ಪಡೆಯುತ್ತದೆ. ಬ್ಯಾಟರಿ ತೆಗೆದು ಬಹುಕಾಲ ಬಿಟ್ಟರೆ ಅದೂ ಬರಿದಾಗಿ ದಿನಾಂಕ ಕಾರ್ಖಾನೆಯಲ್ಲಿ ಇಟ್ಟ ದಿನಕ್ಕೆ ಮರಳುತ್ತದೆ. ನನ್ನ ಕ್ಯಾಮೆರಾಕ್ಕೆ ಆದದ್ದು ಇದೇ. ಆದ್ದರಿಂದ ಪ್ರತಿ ಸಲ ಹೊರಡುವ ಮೊದಲು ದಿನಾಂಕ, ಸಮಯಗಳನ್ನು ನೋಡಿ. ಚಿತ್ರ ತೆಗೆದ ಜಾಗ, ದಿನ, ಜೊತೆಗಿದ್ದವರ ಹೆಸರನ್ನು ಪುಸ್ತಕದಲ್ಲೂ ಬರೆದಿಡಿ.

ಕಾರ್ಡಿನಿಂದ ಚಿತ್ರಗಳನ್ನು ಎರಡು ಕಡೆ ನಕಲು ಮಾಡಿಕೊಂಡು, ಎರಡನ್ನೂ ತೆರೆದು ನೋಡಿದ ಮೇಲೆಯೇ ಕಾರ್ಡನ್ನು ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿ. ಎರಡು ನಕಲು ಎರಡು ಬೇರೆ ಮನೆಗಳಲ್ಲಿರಲಿ. ಕೈತಪ್ಪಿ ಚಿತ್ರ ಅಳಿಸಿದರೆ ಆ ಕಾರ್ಡಿನಲ್ಲಿ ಮುಂದೆ ಒಂದು ಚಿತ್ರವನ್ನೂ ತೆಗೆಯಬೇಡಿ. ಹೊಸದು ಮೇಲೆ ಬೀಳದಿದ್ದರೆ ಅಳಿಸಿದ್ದನ್ನು ಮರಳಿ ಪಡೆಯುವ ಸಾಧ್ಯತೆಯುಂಟು.

ಮಿತ್ರರೇ, 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿವೆ; ಊರಿನ ಗಿಡ, ಮರ, ಮೀನು, ಭತ್ತದ ತಳಿಗಳ ದಾಖಲೆ ಅವುಗಳ ಕೆಲಸ. ಆ ದಾಖಲೆಗೆ ನಿಮ್ಮ ಚಿತ್ರಗಳು ಬೇಕಾಗುತ್ತವೆ. ಕೈಯಲ್ಲಿ ಇರುವುದು ಹಳೆಯ ಕ್ಯಾಮೆರಾವೇ ಇರಲಿ, ಮೊಬೈಲ್ ಫೋನೇ ಇರಲಿ, ಅದರ ಗಾಜು ಶುಭ್ರವಾಗಿ ಗಡಿಯಾರ ಸರಿಯಾಗಿದ್ದರೆ ಸಾಕು. ಕೆಡದಂತೆ ಇಟ್ಟ ಹಳೆಯ ಯಂತ್ರ ಹೊಸದನ್ನು ಕೊಳ್ಳುವ ಖರ್ಚನ್ನೂ, ಒಂದು ಕಸವನ್ನೂ ತಪ್ಪಿಸುತ್ತದೆ.

ನಮ್ಮ ಕೆರೆಯ ಹೂಳನ್ನು ಊರವರು ಶ್ರಮದಾನದಿಂದ ಸ್ವಲ್ಪ ಸ್ವಲ್ಪವಾಗಿ ಎತ್ತುತ್ತಿದ್ದೇವೆ. ಪ್ರತಿ ವರ್ಷ ಒಂದೇ ಕಲ್ಲಿನ ಮೇಲೆ ನಿಂತು ಅದರ ಚಿತ್ರ ತೆಗೆಯುವ ಕೆಲಸ ಈಗ ಶಾಲೆಯ ಮಕ್ಕಳದು. ಕ್ಯಾಮೆರಾದ ಡಬ್ಬಿಯೂ ಶಾಲೆಯಲ್ಲಿದೆ, ಅದರ ಮೇಲೆ ಒಂದು ಪಟ್ಟಿ ಅಂಟಿಸಿದೆ: ಹರಳಿನ ಬಣ್ಣ, ಮಾಪಕದ ಅಂಕೆ, ದಿನಾಂಕ ನೋಡಿದವರ ರುಜು. ಕಳೆದ ಮಳೆಗಾಲದ ಒಂದು ವಾರವೂ ಆ ಪಟ್ಟಿಯಲ್ಲಿ ಖಾಲಿಯಿಲ್ಲ. ನಿಮ್ಮ ಊರಿಗೂ ಅಂತಹದೊಂದು ಡಬ್ಬಿ, ಅಂತಹದೊಂದು ಪಟ್ಟಿ ಮಾಡಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಊಟದ ನಂತರ ಊದುಗ, ಕುಂಚ, ಬಟ್ಟೆಗಳೊಂದಿಗೆ ಇಲ್ಲಿಯೇ ಕುಳಿತಿರುತ್ತೇನೆ. ನಿಮ್ಮ ನಿಮ್ಮ ಕ್ಯಾಮೆರಾಗಳನ್ನು ತನ್ನಿ, ಕೂಡಿಯೇ ಒರೆಸೋಣ.